ಹೆಸರಿಲ್ಲದ ಕಿರ್ದಿ

ದಾವಣಗೆರೆಯ ಮಂಡಿಯೊಂದರಲ್ಲಿ ನಮ್ಮ ದೊಡ್ಡಪ್ಪನವರು ಗುಮಾಸ್ತರಾಗಿದ್ದ ಕಾಲದಲ್ಲಿ, ಬೇಸಗೆಯ ರಜೆಗೆಂದು ಹೋಗಿದ್ದ ನನಗೆ ಅವರು ಎರಡು ಪುಸ್ತಕಗಳ ಭೇದವನ್ನು ಬಹು ಸಮಾಧಾನದಿಂದ ತಿಳಿಸಿಕೊಟ್ಟಿದ್ದರು. ಒಂದು ಕಿರ್ದಿ: ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅಂಗಡಿಗೆ ಬಂದ ಹಣ, ಅಂಗಡಿಯಿಂದ ಹೋದ ಹಣ, ಯಾವುದು ಮೊದಲು ನಡೆಯಿತೋ ಅದನ್ನು ಮೊದಲು, ಯಾವುದು ಅನಂತರ ನಡೆಯಿತೋ ಅದನ್ನು ಅನಂತರ, ಒಂದನ್ನೂ ಬಿಡದೆ ಬರೆದಿಡತಕ್ಕ ಪುಸ್ತಕ. ಇನ್ನೊಂದು ಖತಾವಣಿ: ಆ ಸಾಲುಗಳನ್ನೆಲ್ಲ ಎತ್ತಿಕೊಂಡು ಇಂಥವರ ಹೆಸರಿಗೆ ಇಷ್ಟು ಜಮೆ, ಇಂಥವರ ಹೆಸರಿಗೆ ಇಷ್ಟು ಖರ್ಚು ಎಂದು ಆಸಾಮಿವಾರು ವಿಂಗಡಿಸತಕ್ಕ ಪುಸ್ತಕ. ಕಿರ್ದಿ ಬರೆಯುವುದಕ್ಕೆ ಶ್ರದ್ಧೆಯೊಂದಿದ್ದರೆ ಸಾಕು. ಖತಾವಣಿ ಬರೆಯುವುದಕ್ಕೆ ಮನುಷ್ಯರ ಪರಿಚಯ ಬೇಕು. ನೂರು ರೂಪಾಯಿ ಕೊಟ್ಟುಹೋದ ರೈತನು ತನ್ನ ಸಾಲಕ್ಕೆ ಕೊಟ್ಟನೋ, ಅಣ್ಣನ ಸಾಲಕ್ಕೆ ಕೊಟ್ಟನೋ, ನಾಳೆ ಒಯ್ಯಲಿರುವ ಗೊಬ್ಬರಕ್ಕೆ ಮುಂಗಡವಾಗಿ ಕೊಟ್ಟನೋ ಎಂಬುದು ಆ ನೂರು ರೂಪಾಯಿಯ ಮೇಲೆ ಬರೆದಿರುವುದಿಲ್ಲ.

ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳಿಗೆ ಆಧಾರವಾದ ಬ್ಲಾಕ್‌ಚೈನ್ ಎಂಬುದು ಏನೆಂದು ಯಾರಾದರೂ ಕೇಳಿದಾಗ ನನಗೆ ಆ ಎರಡು ಪುಸ್ತಕಗಳು ನೆನಪಿಗೆ ಬರುತ್ತವೆ. ಬ್ಲಾಕ್‌ಚೈನ್ ಒಂದು ಕಿರ್ದಿ, ಅದು ಖತಾವಣಿಯಲ್ಲ. ಸತೋಶಿ ನಕಮೊಟೊ ಎಂಬ ಹೆಸರಿನ ಮರೆಯಲ್ಲಿ ನಿಂತ, ಇಂದಿಗೂ ಗುರುತು ಸಿದ್ಧವಾಗದ ವ್ಯಕ್ತಿಯೋ ವ್ಯಕ್ತಿಗಳ ಗುಂಪೋ 2009ನೆಯ ಇಸವಿ ಜನವರಿ 3ರಂದು ಬಿಟ್‌ಕಾಯಿನ್ನಿನ ಕಿರ್ದಿಯ ಮೊದಲ ಪುಟವನ್ನು ತೆರೆಯಿತು. ಅಂದಿನಿಂದ ಸರಾಸರಿ 10 ನಿಮಿಷಕ್ಕೊಂದರಂತೆ ಹೊಸ ಪುಟಗಳು ಸೇರುತ್ತಲೇ ಇವೆ. 2015ರಲ್ಲಿ ಆರಂಭವಾದ ಇಥೀರಿಯಮ್ ಎಂಬ ಇನ್ನೊಂದು ನಾಣ್ಯಜಾಲದ ಕಿರ್ದಿಗಾದರೋ ಈಗ 12 ಸೆಕೆಂಡಿಗೊಂದು ಪುಟ. ಸಹಸ್ರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುವ ಈ ಪುಸ್ತಕವನ್ನು ಯಾರು ಬೇಕಾದರೂ ತೆರೆದು ಓದಬಹುದು. ಬರೆದದ್ದನ್ನು ಯಾರೂ ಒರೆಸಲಾರರು. ನಮ್ಮ ಪೂರ್ವಿಕರು ಕಪ್ಪು ಕಡತದ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಒರೆಸಿ, ಮತ್ತೆ ಬರೆಯುತ್ತಿದ್ದರಷ್ಟೆ. ಆ ಸೌಕರ್ಯ ಇಲ್ಲಿಲ್ಲ. ಇಷ್ಟು ನಿಷ್ಕಳಂಕವಾದ ಲೆಕ್ಕದ ಪುಸ್ತಕ ಮಾನವನ ವಾಣಿಜ್ಯದ ಚರಿತ್ರೆಯಲ್ಲಿ ಮತ್ತೊಂದು ಇದ್ದಿರಲಾರದೆಂದು ನಾನು ನಂಬುತ್ತೇನೆ. ಆ ನಿಷ್ಕಳಂಕತೆಯೇ ಅದನ್ನು ಓದುವವನಿಗೆ ಅಪಾಯಕಾರಿಯೂ ಆಗುತ್ತದೆ. ಏಕೆಂದರೆ ಸಾಲು ಸತ್ಯವಾದ್ದರಿಂದ ಸಾಲಿನ ಮೇಲೆ ತಾನು ಕಟ್ಟಿದ ಊಹೆಯೂ ಸತ್ಯವೇ ಎಂದು ಅವನಿಗೆ ತೋರತೊಡಗುತ್ತದೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 2010ರ ಮೇ 22ರ ದಿನಾಂಕದಲ್ಲಿ, ಒಂದು ವಿಳಾಸದಿಂದ ಮತ್ತೊಂದು ವಿಳಾಸಕ್ಕೆ 10,000 ಬಿಟ್‌ಕಾಯಿನ್ ಹೋಗಿದೆಯೆಂದು ಕಿರ್ದಿ ಹೇಳುತ್ತದೆ. ವಿಳಾಸವೆಂದರೆ ಬೀದಿಯ ಹೆಸರಲ್ಲ, ಮನೆಯ ಸಂಖ್ಯೆಯಲ್ಲ. ಅರ್ಥವಿಲ್ಲದ ಅಕ್ಷರಗಳ ಮತ್ತು ಅಂಕೆಗಳ ಒಂದು ಉದ್ದನೆಯ ಸರ. ಫ್ಲಾರಿಡಾದ ಲಾಸ್ಲೊ ಹಾನ್ಯೆಟ್ಸ್ ಎಂಬ ತಂತ್ರಜ್ಞರು ಹಸಿವಾದಾಗ ಎರಡು ಪಿಜ್ಜಾ ತರಿಸಿಕೊಂಡು, ತರಿಸಿಕೊಟ್ಟವನಿಗೆ ಆ ನಾಣ್ಯಗಳನ್ನು ಕೊಟ್ಟರೆಂಬ ಕಥೆ ಇಂದು ಜಗತ್ಪ್ರಸಿದ್ಧ. ಆದರೆ ಹಸಿವಾಗಲಿ ಪಿಜ್ಜಾ ಆಗಲಿ ಆ ಸಾಲಿನಲ್ಲಿ ಇಲ್ಲ. ಅವರು ಬಾಯಿಬಿಟ್ಟು ಹೇಳಿರದಿದ್ದರೆ, ದೊಡ್ಡ ಧನಿಕನೊಬ್ಬನು ಬಿಟ್‌ಕಾಯಿನ್ನಿನ ಭವಿಷ್ಯದಲ್ಲಿ ನಂಬಿಕೆ ಕಳೆದುಕೊಂಡು ಕೈತೊಳೆದುಕೊಂಡನೆಂದು ಇಂದಿನ ವಿಶ್ಲೇಷಕನೊಬ್ಬನು ಆ ಸಾಲಿನ ಮೇಲೆ ಭಾಷ್ಯ ಬರೆದಿದ್ದರೆ ಅದನ್ನು ಅಲ್ಲಗಳೆಯಲು ಯಾರ ಬಳಿಯಲ್ಲೂ ಸಾಕ್ಷ್ಯವಿರುತ್ತಿರಲಿಲ್ಲ.

ಹೆಸರಿಲ್ಲದ ಈ ಕಿರ್ದಿಗೆ ಹೆಸರುಗಳನ್ನು ಅಂಟಿಸಿ ಖತಾವಣಿ ಮಾಡಿಕೊಡುವುದೇ ಒಂದು ಉದ್ಯಮವಾಗಿ ಬೆಳೆದಿದೆ. ಆರ್ಖಮ್, ನಾನ್ಸೆನ್, ಗ್ಲಾಸ್‌ನೋಡ್ ಮೊದಲಾದ ಸಂಸ್ಥೆಗಳು ಈ ಕೆಲಸವನ್ನು ಮಾಡುತ್ತವೆ. ದೊಡ್ಡ ಮೊತ್ತ ಎಲ್ಲಿಂದ ಎಲ್ಲಿಗೆ ಹೋದರೂ ‘ತಿಮಿಂಗಿಲ ಅಲುಗಾಡಿತು’ ಎಂಬಂತೆ ಮೊಬೈಲಿಗೆ ಸೂಚನೆ ಕಳಿಸುವ ಸೇವೆಗಳೂ ಉಂಟು. ಅವರ ವಿಧಾನದಲ್ಲಿ ವಿದ್ವತ್ತಿದೆ. ಅದನ್ನು ನಾನು ಲಘುವಾಗಿ ಕಾಣುವವನಲ್ಲ. ನಾಲ್ಕಾರು ವಿಳಾಸಗಳಲ್ಲಿದ್ದ ಬಿಟ್‌ಕಾಯಿನ್ನುಗಳು ಒಂದೇ ವ್ಯವಹಾರದಲ್ಲಿ ಒಟ್ಟಾಗಿ ಖರ್ಚಾದರೆ, ಆ ವಿಳಾಸಗಳಿಂದ ನಾಣ್ಯ ತೆಗೆಯಲು ಬೇಕಾದ ಗುಪ್ತ ಕೀಲಿಗಳೆಲ್ಲ ಒಬ್ಬನ ಕೈಯಲ್ಲಿರಬೇಕೆಂದು ಅವರು ಅನುಮಾನಿಸುತ್ತಾರೆ. ಇದು ಬಹುಮಟ್ಟಿಗೆ ಸರಿಯಾದ ಅನುಮಾನವೇ. ಆದರೆ ಪರಸ್ಪರ ಪರಿಚಯವಿಲ್ಲದ ಹಲವರು ಬೇಕೆಂದೇ ತಮ್ಮ ನಾಣ್ಯಗಳನ್ನು ಒಂದು ವ್ಯವಹಾರದಲ್ಲಿ ಬೆರೆಸುವ ಪದ್ಧತಿಯೂ ಇರುವುದರಿಂದ, ಅಲ್ಲಿ ಈ ನಿಯಮ ಮುರಿದುಬೀಳುತ್ತದೆ. ಇನ್ನೊಂದು ತೊಡಕು ಚಿಲ್ಲರೆಯದು. ಐನೂರರ ನೋಟು ಕೊಟ್ಟು ಮುನ್ನೂರ ಇಪ್ಪತ್ತರ ಸಾಮಾನು ಕೊಂಡವನಿಗೆ ನೂರ ಎಂಬತ್ತು ಹಿಂದಕ್ಕೆ ಬರುವಂತೆ ಬಿಟ್‌ಕಾಯಿನ್ನಿನಲ್ಲಿಯೂ ಉಳಿದ ಭಾಗ ಕಳಿಸಿದವನಿಗೇ ಮರಳುತ್ತದೆ. ಆದರೆ ಅದು ಸಾಮಾನ್ಯವಾಗಿ ಅವನದೇ ಆದ ಒಂದು ಹೊಸ ವಿಳಾಸಕ್ಕೆ ಬರುತ್ತದೆ. ಹೊರಗಿನಿಂದ ನೋಡುವವನಿಗೆ ಎರಡು ಪಾವತಿಗಳು ಕಾಣುತ್ತವೆ. ಯಾವುದು ಬೆಲೆ, ಯಾವುದು ಚಿಲ್ಲರೆ ಎಂಬುದನ್ನು ಅವನು ಊಹಿಸಬೇಕು. ಹೀಗೆ ಊಹೆಯ ಮೇಲೆ ಊಹೆ ಕೂಡಿ ಕಡೆಗೆ ತೆರೆಯ ಮೇಲೆ ಒಂದು ಹೆಸರಾಗಿ ನಿಲ್ಲುವಾಗ, ಅದರ ಹಿಂದಿನ ‘ಪ್ರಾಯಶಃ’ಗಳೆಲ್ಲ ಅಳಿಸಿಹೋಗಿರುತ್ತವೆ.

ಈ ಬಗೆಯ ಪ್ರಮಾದಕ್ಕೆ ನಮ್ಮ ಬೆಂಗಳೂರೇ ಒಂದು ನಿದರ್ಶನವನ್ನು ಒದಗಿಸಿದೆ. ಹ್ಯಾಕಿಂಗ್ ಆರೋಪದ ಮೇಲೆ ಬಂಧಿತನಾಗಿದ್ದ ಯುವಕನೊಬ್ಬನಿಂದ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ನುಗಳನ್ನು ವಶಪಡಿಸಿಕೊಂಡೆವೆಂದು 2021ರ ಜನವರಿಯಲ್ಲಿ ಪೊಲೀಸರು ಪ್ರಕಟಿಸಿದರು. ಅದೇ ವರ್ಷ ನವೆಂಬರಿನಲ್ಲಿ, ಪ್ರಕರಣ ರಾಜಕೀಯ ಕೋಲಾಹಲಕ್ಕೆ ವಸ್ತುವಾಗಿದ್ದಾಗ, ಅವರೇ ಕೊಟ್ಟ ವಿವರಣೆಯಿಂದ ತಿಳಿದುಬಂದದ್ದೇನೆಂದರೆ, ಆರೋಪಿಯು ತನ್ನದೆಂದು ತೋರಿಸಿದ್ದ ಖಾತೆಯನ್ನು ತೆರೆದು ನೋಡಿದಾಗ ಅದರಲ್ಲಿ 186 ಬಿಟ್‌ಕಾಯಿನ್ನುಗಳಿದ್ದವು. ಅದು ನಾಣ್ಯಗಳ ವಿನಿಮಯ ಕೇಂದ್ರವೊಂದರ (ಎಕ್ಸ್‌ಚೇಂಜಿನ) ಚಾಲ್ತಿ ವಾಲೆಟ್, ಅಂದರೆ ನಾಣ್ಯದ ಚೀಲ, ಎಂದೂ ಅದರ ಖಾಸಗಿ ಕೀಲಿ ಆರೋಪಿಯ ಬಳಿ ಇರಲೇ ಇಲ್ಲವೆಂದೂ ತಜ್ಞರು ಅಭಿಪ್ರಾಯಪಟ್ಟರು. ವಾಲೆಟ್ ಕಣ್ಣೆದುರಿಗಿತ್ತು, ಮೊತ್ತ ಕಣ್ಣೆದುರಿಗಿತ್ತು, ವಿಚಾರಣೆ ಮಾಡುವ ಅಧಿಕಾರವೂ ಕೈಯಲ್ಲಿತ್ತು. ಆದರೂ ಒಡೆಯನು ಯಾರೆಂಬುದು ಸುಲಭವಾಗಿ ತಿಳಿಯಲಿಲ್ಲ. ಕೋಣೆಯಲ್ಲಿ ಕುಳಿತು ಮೊಬೈಲ್ ನೋಡುವ ಗೃಹಸ್ಥನಿಗೆ ಅದಕ್ಕಿಂತ ಹೆಚ್ಚಿನ ನಿಶ್ಚಯ ಎಲ್ಲಿಂದ ಬರಬೇಕು?

ಒಡೆಯನು ಯಾರೆಂಬುದು ನಿಸ್ಸಂದೇಹವಾಗಿ ತಿಳಿದಾಗಲೂ ಕಷ್ಟ ತಪ್ಪುವುದಿಲ್ಲವೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಬುದ್ಧಿವಂತ, ಮಿತವ್ಯಯಿ, ದುಡುಕು ಸ್ವಭಾವದವನಲ್ಲ. ಸಂಬಳದಲ್ಲಿ ಉಳಿಸಿ ಒಂದಿಷ್ಟು ಬಿಟ್‌ಕಾಯಿನ್ ಕೊಂಡಿದ್ದ. 2024ರ ಜುಲೈ ಮೊದಲ ವಾರದಲ್ಲಿ ಅವನು ಎರಡು ದಿನದ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾಗ, ಊಟದ ಎಲೆಯ ಮುಂದೆಯೂ ಅವನ ದೃಷ್ಟಿ ಮೊಬೈಲಿನ ಮೇಲೆಯೇ ಇತ್ತು. ಏನೆಂದು ಕೇಳಿದೆ.

“ಮಾವ, ಜರ್ಮನಿಯವರು ಇವತ್ತೂ ಕಳಿಸಿದರು. ಎಕ್ಸ್‌ಚೇಂಜಿಗೆ ಹೋಯಿತು ಅಂದರೆ ಮಾರೋದಕ್ಕೇ. ಸರ್ಕಾರವೇ ಮಾರುತ್ತಿದೆ ಅಂದಮೇಲೆ ಅವರಿಗೆ ಏನೋ ಗೊತ್ತಿರಬೇಕು.”

“ಅವರು ಯಾಕೆ ಮಾರುತ್ತಿದ್ದಾರೆ ಅಂತ ಅದರಲ್ಲಿ ಬರೆದಿದೆಯೇನಪ್ಪ?” ಎಂದೆ.

“ಅದರಲ್ಲಿ ಅದೆಲ್ಲ ಬರೆದಿರೋದಿಲ್ಲ ಮಾವ,” ಎಂದು ಅವನು ಮತ್ತೆ ತೆರೆಯ ಕಡೆಗೆ ತಿರುಗಿದ.

ಅವನು ನೋಡುತ್ತಿದ್ದುದು ಸುಳ್ಳಾಗಿರಲಿಲ್ಲ. ಚಲನಚಿತ್ರಗಳನ್ನು ಕದ್ದು ಹಂಚುತ್ತಿದ್ದ ಜಾಲತಾಣವೊಂದರ ಪ್ರಕರಣದಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಅಧಿಕಾರಿಗಳಿಗೆ ಆ ವರ್ಷದ ಜನವರಿಯಲ್ಲಿ ಸುಮಾರು 50,000 ಬಿಟ್‌ಕಾಯಿನ್ನುಗಳು ಒಪ್ಪಿಸಲ್ಪಟ್ಟಿದ್ದವು. ಜೂನ್ ತಿಂಗಳ ಉತ್ತರಾರ್ಧದಿಂದ ಅವನ್ನು ಕಂತುಕಂತಾಗಿ ಮಾರತೊಡಗಿದರು. ಪ್ರಪಂಚದ ವ್ಯಾಪಾರಿಗಳೆಲ್ಲ ಯೂರೋಪಿನಲ್ಲಿ ಬೆಳಗಾಗುವುದನ್ನೇ ಕಾಯುತ್ತ, ಆ ವಾಲೆಟ್ಟಿನಿಂದ ಇಂದು ಎಷ್ಟು ಹೊರಟಿತೆಂದು ಲೆಕ್ಕ ಹಾಕುತ್ತ ಕುಳಿತರು. ಜುಲೈ 5ರಂದು ಬಿಟ್‌ಕಾಯಿನ್ನಿನ ಧಾರಣೆ 54,000 ಡಾಲರಿಗೂ ಕೆಳಗಿಳಿಯಿತು. ಆ ರಾತ್ರಿ ನನ್ನ ಸೋದರಳಿಯ ತನ್ನಲ್ಲಿದ್ದುದನ್ನೆಲ್ಲ ಮಾರಿಬಿಟ್ಟ. ಒಂದು ವಾರ ಕಳೆದು, ಜುಲೈ 12ರ ಹೊತ್ತಿಗೆ, ಸ್ಯಾಕ್ಸನಿಯ ದಾಸ್ತಾನು ಮುಗಿದುಹೋಯಿತು. ಒಟ್ಟು 49,858 ಬಿಟ್‌ಕಾಯಿನ್ನುಗಳಿಗೆ ಅವರಿಗೆ ದೊರೆತದ್ದು ಸುಮಾರು 264 ಕೋಟಿ ಯೂರೋ. ಅಂದರೆ ನಾಣ್ಯವೊಂದಕ್ಕೆ ಹೆಚ್ಚುಕಡಿಮೆ 53,000 ಯೂರೋ. ಅದೇ ವರ್ಷ ಡಿಸೆಂಬರ್ 5ರಂದು ಬಿಟ್‌ಕಾಯಿನ್ 1,00,000 ಡಾಲರನ್ನು ದಾಟಿತು.

ಆ ಸರ್ಕಾರಕ್ಕೆ ಯಾವ ರಹಸ್ಯವೂ ಗೊತ್ತಿರಲಿಲ್ಲ. ವಿಚಾರಣೆ ಮುಗಿಯುವುದಕ್ಕೆ ಮುಂಚೆಯೇ ವಶದಲ್ಲಿರುವ ಸ್ವತ್ತಿನ ಬೆಲೆ ಶೇಕಡ 10 ಅಥವಾ ಅದಕ್ಕಿಂತ ಹೆಚ್ಚಾಗಿ ಕುಸಿಯುವ ಭಯವಿದ್ದರೆ ಅದನ್ನು ತುರ್ತಾಗಿ ವಿಕ್ರಯಿಸತಕ್ಕದ್ದೆಂಬುದು ಅಲ್ಲಿಯ ಕಾನೂನಿನ ಕ್ರಮ. ಕೆಟ್ಟುಹೋಗುವ ಹಣ್ಣು ತರಕಾರಿಯನ್ನು ವಶಪಡಿಸಿಕೊಂಡಾಗ ಅಧಿಕಾರಿಯು ಏನು ಮಾಡುವನೋ ಅದನ್ನೇ ಅವರು ಮಾಡಿದರು. ಬೆಲೆ ಇಳಿಯಲೂಬಹುದೆಂಬ ಭಯವಷ್ಟೇ ಅವರ ಕಡತದಲ್ಲಿತ್ತು, ನಾಳೆ ಏನಾಗುವುದೆಂಬ ಅರಿವು ಇರಲಿಲ್ಲ. ಅಲ್ಲದೆ, ಆ ದಿನಗಳಲ್ಲಿ ವಿನಿಮಯ ಕೇಂದ್ರಗಳಿಗೆ ಹೋದ ನಾಣ್ಯಗಳಲ್ಲಿ ಒಂದು ಪಾಲು ಮಾರಾಟವಾಗದೆ ಅದೇ ವಾಲೆಟ್ಟಿಗೆ ಮರಳಿ ಬಂದದ್ದೂ ಉಂಟು. ನನ್ನ ಸೋದರಳಿಯ ಕಂಡ ಸಾಲು ಸತ್ಯ. ಅದಕ್ಕೆ ಅಂಟಿಸಿದ್ದ ಹೆಸರು ಸತ್ಯ. ‘ಮಾರುತ್ತಿದ್ದಾರೆ’ ಎಂಬ ಅನುಮಾನವೂ ಸತ್ಯ. ‘ಅವರಿಗೆ ಏನೋ ಗೊತ್ತಿರಬೇಕು’ ಎಂಬ ಒಂದು ಮಾತು ಮಾತ್ರ ಅವನದಾಗಿತ್ತು, ಮತ್ತು ಅವನ ನಷ್ಟವೆಲ್ಲ ಆ ಮಾತಿನೊಳಗಿಂದ ಹುಟ್ಟಿತು. ಇನ್ನೂ ಒಂದು ವಿಷಯವನ್ನು ಅವನು ಗಮನಿಸಲಿಲ್ಲ. ಎಲ್ಲರೂ ಏಕಕಾಲಕ್ಕೆ ಓದುವ ಪುಸ್ತಕದಲ್ಲಿ ಬರೆದ ಸಂಗತಿಯು ಓದಿದ ಕ್ಷಣದಲ್ಲಿಯೇ ಧಾರಣೆಯೊಳಗೆ ಸೇರಿಹೋಗುತ್ತದೆ. ಅವನು ಹೆದರುವುದಕ್ಕೆ ಮೊದಲೇ ಪೇಟೆ ಹೆದರಿ ಮುಗಿದಿತ್ತು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಆವಕ ಹೆಚ್ಚಿದರೆ ಧಾರಣೆ ಇಳಿಯುವುದೆಂಬುದು ಅಲ್ಲಿಯ ಹುಡುಗರಿಗೂ ಗೊತ್ತು. ಆದರೆ ಊರ ಬಾಗಿಲಲ್ಲಿ ಲಾರಿಗಳ ಸಾಲು ಕಂಡೊಡನೆ ಅನುಭವಸ್ಥ ವ್ಯಾಪಾರಿ ತನ್ನ ಚೀಲಗಳನ್ನು ಅಗ್ಗಕ್ಕೆ ಬಿಸಾಡುವುದಿಲ್ಲ. ಆ ಲಾರಿಗಳು ಅಂಗಳಕ್ಕೆ ಬರುವುವೋ, ಶೀತಲಗೃಹಕ್ಕೆ ತಿರುಗುವುವೋ, ಬೇರೆ ಊರಿನ ದಾರಿಯಲ್ಲಿರುವುವೋ ಎಂದು ಮೊದಲು ವಿಚಾರಿಸುತ್ತಾನೆ. ಕ್ರಿಪ್ಟೋ ವ್ಯಾಪಾರದಲ್ಲಿ ‘ಎಕ್ಸ್‌ಚೇಂಜಿಗೆ ಇಷ್ಟು ಬಂತು’ ಎಂಬ ಸೂಚನೆಯೂ ಆವಕದ ಸುದ್ದಿಯೇ. ಅದು ಮಾರಾಟಕ್ಕೆ ಬಂದಿರಬಹುದು. ಸಾಲಕ್ಕೆ ಆಧಾರವಾಗಿ ಇಡಲು ಬಂದಿರಬಹುದು. ಕೇಂದ್ರವು ತನ್ನದೇ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಸಾಗಿಸಿಕೊಂಡದ್ದೂ ಆಗಿರಬಹುದು. 2014ರಲ್ಲಿ ದಿವಾಳಿಯಾದ ಟೋಕಿಯೋದ ವಿನಿಮಯ ಕೇಂದ್ರ ಮೌಂಟ್‌ಗಾಕ್ಸ್ ಸಂಸ್ಥೆಯ ವಾಲೆಟ್ಟುಗಳಿಂದ, ವರ್ಷಗಟ್ಟಲೆ ನಿಶ್ಚಲವಾಗಿದ್ದ ಸುಮಾರು 1,40,000 ಬಿಟ್‌ಕಾಯಿನ್ನುಗಳು 2024ರ ಮೇ 28ರಂದು ಇದ್ದಕ್ಕಿದ್ದಂತೆ ಹೊರಟಾಗ ಪೇಟೆ ನಡುಗಿತು. ಅಂದು ಒಂದು ನಾಣ್ಯವೂ ಮಾರಾಟವಾಗಿರಲಿಲ್ಲ. ಬಾಕಿ ಬರಬೇಕಾಗಿದ್ದವರಿಗೆ ಹಂಚುವ ಮುಂಚಿನ ಸಿದ್ಧತೆಗಾಗಿ ಅವು ಸಂಸ್ಥೆಯ ಒಳಗೇ ಸ್ಥಳ ಬದಲಾಯಿಸಿದ್ದವು. ಹಂಚಿಕೆ ಆರಂಭವಾದದ್ದು ಜುಲೈ ತಿಂಗಳಲ್ಲಿ.

ಇನ್ನು ಅನುಕರಣೆಯ ವಿಷಯ. ಇಂಥ ವಾಲೆಟ್ಟಿನವನು ಹತ್ತು ಸಲ ಲಾಭ ಮಾಡಿದ್ದಾನೆ, ಅವನು ಕೊಂಡದ್ದನ್ನೇ ನಾವೂ ಕೊಂಡರೆ ಸರಿ ಎಂಬ ಉಪದೇಶ ಈಗ ಬಹಳ ಪ್ರಚಾರದಲ್ಲಿದೆ. ನೀವು ನಿದ್ರಿಸುತ್ತಿರುವಾಗಲೂ ಅವನನ್ನು ಅನುಸರಿಸಿ ಕೊಳ್ಳುವ ಯಂತ್ರಗಳನ್ನೂ ಮಾರುತ್ತಾರೆ. ಒಬ್ಬ ಮನುಷ್ಯನಿಗೆ ಎಷ್ಟು ವಾಲೆಟ್ಟುಗಳಾದರೂ ಇರಬಹುದೆಂಬುದನ್ನು ಇಲ್ಲಿ ನೆನೆಯಬೇಕು. ಇಪ್ಪತ್ತು ವಾಲೆಟ್ಟುಗಳಲ್ಲಿ ಇಪ್ಪತ್ತು ಬಗೆಯಾಗಿ ಆಡಿ, ಗೆದ್ದದ್ದೊಂದನ್ನು ಮುಂದೊಡ್ಡಿ, ಸೋತ ಹತ್ತೊಂಬತ್ತನ್ನು ಕತ್ತಲೆಯಲ್ಲಿ ಬಿಟ್ಟವನನ್ನು ನಾವು ಪ್ರಾಜ್ಞನೆಂದು ತಿಳಿಯುತ್ತೇವೆ. ಪ್ರಾಮಾಣಿಕನಾದ ದೊಡ್ಡ ವ್ಯಾಪಾರಿಯ ವಿಷಯದಲ್ಲೂ ಕಾಣುವುದು ಅರ್ಧವೇ: ಇಲ್ಲಿ ಕೊಂಡದ್ದಕ್ಕೆ ಪ್ರತಿಯಾಗಿ ಇನ್ನೆಲ್ಲೋ, ಕಿರ್ದಿಗೆ ಬಾರದ ಕಡೆಯಲ್ಲಿ, ಇಳಿತದ ಮೇಲೆ ಪಣವಿಟ್ಟು ಅವನು ತನ್ನ ಅಪಾಯವನ್ನು ತೂಗಿಸಿಕೊಂಡಿರಬಹುದು. ಎಲ್ಲವನ್ನೂ ಬಯಲಲ್ಲಿಯೇ ಆಡಿದವರ ಗತಿಯನ್ನೂ ಲೋಕ ಕಂಡಿದೆ. 2025ರ ಮೇ ತಿಂಗಳಲ್ಲಿ ಹೈಪರ್‌ಲಿಕ್ವಿಡ್ ಎಂಬ ಬಹಿರಂಗ ವೇದಿಕೆಯಲ್ಲಿ, ಕಲ್ಪಿತನಾಮದ ವ್ಯಾಪಾರಿಯೊಬ್ಬನು ಸಾಲದ ಬಲದಿಂದ 100 ಕೋಟಿ ಡಾಲರಿಗೂ ಮೀರಿದ ಬಿಟ್‌ಕಾಯಿನ್ ಪಣವನ್ನು ಹೂಡಿದ್ದನು. ಸಹಸ್ರಾರು ಜನ ಅವನ ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದರು. ತಿಂಗಳ ಕೊನೆಗೆ ಸುಮಾರು 10 ಕೋಟಿ ಡಾಲರಿನ ಪಣ ಬಲವಂತವಾಗಿ ಮುಚ್ಚಿಹೋಯಿತು.

ವಾಲೆಟ್ಟಿನಲ್ಲಿ ಒಂದು ನಾಣ್ಯ ಇರುವುದೆಂಬ ಮಾತ್ರಕ್ಕೆ ಒಡೆಯನಿಗೆ ಅದು ಬೇಕಾಗಿತ್ತೆಂದೂ ಅರ್ಥವಲ್ಲ. ನನ್ನ ಮನೆಯ ಅಂಚೆಪೆಟ್ಟಿಗೆಯಲ್ಲಿ ಯಾರು ಬೇಕಾದರೂ ಕಾಗದ ಹಾಕಿಹೋಗುವಂತೆ ಯಾವ ವಿಳಾಸಕ್ಕೆ ಯಾರು ಬೇಕಾದರೂ ಟೋಕನ್ ಎಂಬ ಬಗೆಯ ನಾಣ್ಯ ಕಳಿಸಬಹುದು; ಬೇಡವೆನ್ನುವ ಉಪಾಯ ಸ್ವೀಕರಿಸುವವನಿಗಿಲ್ಲ. ಶಿಬಾ ಇನು ಎಂಬ ಟೋಕನ್ನನ್ನು ಹುಟ್ಟಿಸಿದವರು ಅದರ ಒಟ್ಟು ಸಂಖ್ಯೆಯಲ್ಲಿ ಅರ್ಧವನ್ನು ಇಥೀರಿಯಮ್ಮಿನ ಜನಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರ ವಿಳಾಸಕ್ಕೆ, ಅವರು ಕೇಳದಿದ್ದರೂ, ಕಳಿಸಿದ್ದರು. ಕಿರ್ದಿಯನ್ನು ನೋಡಿದವರಿಗೆ ಅವರು ಆ ಟೋಕನ್ನಿನ ಮಹಾಪೋಷಕರಂತೆ ಕಂಡರು. 2021ರ ಮೇ ತಿಂಗಳಲ್ಲಿ, ನಮ್ಮ ದೇಶ ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಉಸಿರಿಗಾಗಿ ತತ್ತರಿಸುತ್ತಿದ್ದಾಗ, ಬುಟೆರಿನ್ ಅವರು ಅದರಲ್ಲಿ 50 ಲಕ್ಷ ಕೋಟಿ ಟೋಕನ್ನುಗಳನ್ನು, ಅಂದಿನ ಧಾರಣೆಯಲ್ಲಿ ಸುಮಾರು 100 ಕೋಟಿ ಡಾಲರ್ ಎನಿಸುವ ಮೊತ್ತವನ್ನು, ಭಾರತದ ಪರಿಹಾರ ಕಾರ್ಯಕ್ಕಾಗಿ ಸ್ಥಾಪಿತವಾಗಿದ್ದ ನಿಧಿಗೆ ದಾನವಾಗಿ ಕಳಿಸಿದರು. ಉಳಿದದ್ದರಲ್ಲಿ ಹೆಚ್ಚಿನ ಭಾಗವನ್ನು ಯಾರಿಗೂ ಸಿಗದಂತೆ ನಾಶಪಡಿಸಿದರು. ದಾನದ ಸುದ್ದಿ ಹಬ್ಬಿದೊಡನೆ ಧಾರಣೆ ಬಲವಾಗಿ ಕುಸಿಯಿತು. ವಾಲೆಟ್ಟಿನ ಪಕ್ಕದಲ್ಲಿ ತೆರೆಯು ತೋರಿಸುವ ಡಾಲರ್ ಮೊತ್ತವು ಸಂಖ್ಯೆಯನ್ನು ಧಾರಣೆಯಿಂದ ಗುಣಿಸಿದ ಗಣಿತವಷ್ಟೆ. ಅಷ್ಟನ್ನೂ ಮಾರಹೊರಟರೆ ಕೊಳ್ಳುವವರಿರಬೇಕಲ್ಲವೆ?

ಅನುಕರಣಕಾರನು ನಮ್ಮ ದೇಶದವನಾದರೆ ತೆರಿಗೆಯ ಲೆಕ್ಕವೂ ಅವನಿಗೆ ಎದುರಾಗುತ್ತದೆ. 2022ರ ಏಪ್ರಿಲಿನಿಂದ ಇಂಥ ಆಸ್ತಿಯ ಲಾಭಕ್ಕೆ ಶೇಕಡ 30 ತೆರಿಗೆ ಮತ್ತು ಅದರ ಮೇಲೆ ಸೆಸ್ಸು. ಅದೇ ವರ್ಷ ಜುಲೈನಿಂದ ಮಾರಾಟದ ಮೊತ್ತದಲ್ಲಿ ಶೇಕಡ 1 ಟಿಡಿಎಸ್. ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆದುಕೊಳ್ಳುವ ಅವಕಾಶವಿಲ್ಲ. ಬೇರೆಬೇರೆ ಹತ್ತು ಟೋಕನ್ನುಗಳಲ್ಲಿ ಐದೈದು ಸಾವಿರದಂತೆ ಗಳಿಸಿ, ಮತ್ತೆ ಹತ್ತರಲ್ಲಿ ಐದೈದು ಸಾವಿರದಂತೆ ಕಳೆದುಕೊಂಡವನ ನಿವ್ವಳ ಲಾಭ ಸೊನ್ನೆ. ಅವನು ತೆರಬೇಕಾದ ತೆರಿಗೆ ಸೆಸ್ಸೂ ಸೇರಿ 15,600 ರೂಪಾಯಿ. ದುಬೈಯಲ್ಲೋ ಸಿಂಗಪುರದಲ್ಲೋ ಕುಳಿತು ದಿನಕ್ಕೆ ನಲವತ್ತು ಸಲ ಕೊಂಡು ಮಾರುವವನ ಹೆಜ್ಜೆಯಲ್ಲಿ ಹುಬ್ಬಳ್ಳಿಯವನು ಹೆಜ್ಜೆಯಿಟ್ಟರೆ, ಇಬ್ಬರ ಕಿರ್ದಿ ಒಂದೇ ಆದರೂ ಉಳಿಕೆ ಒಂದೇ ಆಗಲಾರದು.

ಹಾಗಾದರೆ ಈ ಪುಸ್ತಕವನ್ನು ಮುಚ್ಚಿಡತಕ್ಕದ್ದೇ? ಸರ್ವಥಾ ಅಲ್ಲ. ನನ್ನ ದೃಢವಾದ ಅಭಿಪ್ರಾಯವೇನೆಂದರೆ, ಕೊಳ್ಳಬೇಕೆಂಬುದಕ್ಕೆ ವಾಲೆಟ್ಟಿನ ಸಾಕ್ಷ್ಯ ಬಹು ದುರ್ಬಲ. ಕೊಳ್ಳಬಾರದೆಂಬುದಕ್ಕೆ ಅದರಷ್ಟು ಪ್ರಬಲವಾದದ್ದು ಇನ್ನೊಂದಿಲ್ಲ. ಹೊಸ ಟೋಕನ್ನೊಂದರ ಬಹುಪಾಲು ನಾಲ್ಕಾರು ವಾಲೆಟ್ಟುಗಳಲ್ಲಿ ಕೂಡಿಕೊಂಡಿದ್ದರೆ, ಆ ವಾಲೆಟ್ಟುಗಳಿಗೆಲ್ಲ ಒಂದೇ ಮೂಲದಿಂದ ಹಣ ಬಂದಿದ್ದರೆ, ಅದನ್ನು ಮಾರಹೋದರೆ ಕೊಳ್ಳುವ ಹಣವೇ ಪೇಟೆಯಲ್ಲಿ ಇಲ್ಲದಿದ್ದರೆ, ಹುಟ್ಟಿಸಿದವರು ತಾವೇ ಸದ್ದಿಲ್ಲದೆ ಮಾರುತ್ತಿದ್ದರೆ, ಅಲ್ಲಿ ಉದ್ದೇಶವನ್ನು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಬೀಗದ ಕೀಲಿ ಯಾರ ಕೈಯಲ್ಲಿದೆಯೆಂದು ತಿಳಿದರೆ ಸಾಕು. 2025ರ ಫೆಬ್ರವರಿ 14ರಂದು ಅರ್ಜೆಂಟೀನಾದ ಅಧ್ಯಕ್ಷ ಹಾವಿಯೆರ್ ಮಿಲೇ ಅವರು ಲಿಬ್ರಾ ಎಂಬ ಟೋಕನ್ನನ್ನು ಜನರ ಗಮನಕ್ಕೆ ತಂದಾಗ, ಅದರ ಬಹುಪಾಲು ಕೆಲವೇ ವಾಲೆಟ್ಟುಗಳಲ್ಲಿದೆಯೆಂಬುದು ಕಿರ್ದಿಯಲ್ಲಿ ಆಗಲೇ ಬರೆದಿತ್ತು. ಜನ ಅಧ್ಯಕ್ಷರ ಮಾತನ್ನು ಓದಿದರು, ಕಿರ್ದಿಯನ್ನು ಓದಲಿಲ್ಲ. ಕೆಲವೇ ಗಂಟೆಗಳಲ್ಲಿ ಧಾರಣೆ ಶಿಖರಕ್ಕೇರಿ ಪಾತಾಳಕ್ಕಿಳಿಯಿತು. ಅಧ್ಯಕ್ಷರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಒಳಗಿನವರು ಅಷ್ಟರಲ್ಲಿ ಹಣ ತೆಗೆದುಕೊಂಡಾಗಿತ್ತು.

ಕೊಳ್ಳಬಾರದೆಂಬ ಈ ಸಾಕ್ಷ್ಯದ ಬಲಕ್ಕೂ ಒಂದು ಎಲ್ಲೆಯುಂಟು: ಕಿರ್ದಿಯಲ್ಲಿ ಆಸ್ತಿ ಕಾಣುತ್ತದೆ, ಸಾಲ ಕಾಣುವುದಿಲ್ಲ. 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿದ ಎಫ್‌ಟಿಎಕ್ಸ್ ವಿನಿಮಯ ಕೇಂದ್ರದ ವಾಲೆಟ್ಟುಗಳನ್ನು ಎಣಿಸುತ್ತಿದ್ದವರಿಗೆ, ಗ್ರಾಹಕರಿಗೆ ಅದು ಕೊಡಬೇಕಾಗಿದ್ದುದೆಷ್ಟು, ಗ್ರಾಹಕರ ಹಣ ಸೋದರ ಸಂಸ್ಥೆಗೆ ಹೋದದ್ದೆಷ್ಟು ಎಂಬುದು ಆ ಎಣಿಕೆಯಿಂದ ತಿಳಿಯುವಂತಿರಲಿಲ್ಲ. ಆ ಬಳಿಕ ಹಲವು ಕೇಂದ್ರಗಳು ತಮ್ಮ ವಾಲೆಟ್ಟುಗಳ ಪಟ್ಟಿಯನ್ನು ಪ್ರಕಟಿಸಿದುವು. ಕೈಯಲ್ಲಿರುವ ಹಣವನ್ನು ತೋರಿಸಿ ಸಾಲದ ಪತ್ರವನ್ನು ತೋರಿಸದ ವರ್ತಕನ ಮಾತಿಗೆ ಎಷ್ಟು ಬೆಲೆಯೋ ಅಂಥ ಪಟ್ಟಿಗೂ ಅಷ್ಟೇ ಬೆಲೆ.

ನನ್ನ ಸೋದರಳಿಯ ಈಗ ಒಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದಾನೆ. ಪುಟವನ್ನು ಗೆರೆ ಎಳೆದು ಮೂರು ಭಾಗ ಮಾಡಿದ್ದಾನೆ: ಕಿರ್ದಿಯಲ್ಲಿ ಇರುವುದು, ಬೇರೆಯವರು ಅಂಟಿಸಿದ ಹೆಸರು, ತನ್ನ ಊಹೆ. 2025ರ ಜುಲೈ 4ರ ಪುಟವನ್ನು ಅವನು ನನಗೆ ತೋರಿಸಿದ. ಮೊದಲ ಭಾಗದಲ್ಲಿ, ಹದಿನಾಲ್ಕು ವರ್ಷ ಅಲುಗಾಡದಿದ್ದ ವಾಲೆಟ್ಟುಗಳಿಂದ 80,000 ಬಿಟ್‌ಕಾಯಿನ್ ಹೊಸ ವಿಳಾಸಗಳಿಗೆ ಹೋಯಿತು ಎಂದಿತ್ತು. ಎರಡನೆಯದು ಖಾಲಿ. ಮೂರನೆಯದರಲ್ಲಿ ‘ಮಾರಬಹುದು, ಅಥವಾ ಭದ್ರತೆಗೆ ಬೇರೆ ಕಡೆ ಇಟ್ಟಿರಬಹುದು, ನನಗೆ ಗೊತ್ತಿಲ್ಲ’ ಎಂದು ಬರೆದು, ಅಡಿಯಲ್ಲಿ ‘ಏನೂ ಮಾಡುವುದಿಲ್ಲ’ ಎಂದು ಸೇರಿಸಿದ್ದ. ಜುಲೈ 14ರಂದು ಬಿಟ್‌ಕಾಯಿನ್ 1,20,000 ಡಾಲರನ್ನು ದಾಟಿತು. ಜುಲೈ 25ರಂದು ಗ್ಯಾಲಕ್ಸಿ ಡಿಜಿಟಲ್ ಎಂಬ ಸಂಸ್ಥೆ, ಹಳೆಯ ಕಾಲದ ಹೂಡಿಕೆದಾರರೊಬ್ಬರ ಪರವಾಗಿ 80,000ಕ್ಕೂ ಹೆಚ್ಚು ಬಿಟ್‌ಕಾಯಿನ್ನುಗಳನ್ನು ಮಾರಿದುದಾಗಿ ತಿಳಿಸಿತು. ಮಾರಬಹುದೆಂಬ ಊಹೆ ನಿಜವಾಯಿತು. ಆದರೆ ಆ ಊಹೆಯಂತೆ ಜುಲೈ 4ರಂದೇ ಮಾರಿದ್ದವನು ನಡುವಿನ ಏರಿಕೆಯನ್ನು ಕಳೆದುಕೊಳ್ಳುತ್ತಿದ್ದನು. ಇನ್ನೊಂದು ಸಲ ಇದರ ವಿಪರೀತವೂ ನಡೆಯಬಹುದು. ಅದನ್ನೂ ಅವನು ಬಲ್ಲ, ಆದ್ದರಿಂದಲೇ ಬರೆದಿಡುತ್ತಾನೆ.

ಅವನ ಪುಸ್ತಕದ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆಯಿದೆ. ಇಥೀರಿಯಮ್ಮಿನ ವಿಳಾಸದಲ್ಲಿ ಒಟ್ಟು 42 ಅಕ್ಷರಗಳು. ತೆರೆಯ ಮೇಲೆ ಮೊದಲಿನ ನಾಲ್ಕಾರನ್ನೂ ಕೊನೆಯ ನಾಲ್ಕಾರನ್ನೂ ತೋರಿಸಿ ನಡುವೆ ಚುಕ್ಕೆಗಳನ್ನು ಹಾಕುವುದು ವಾಡಿಕೆ. ವಂಚಕರು ಬಹಿರಂಗವಾದ ಕಿರ್ದಿಯನ್ನೇ ಓದಿ, ನೀವು ಆಗಾಗ ಹಣ ಕಳಿಸುವ ವಿಳಾಸದ ಆದಿ ಅಂತ್ಯಗಳನ್ನು ಹೋಲುವ ಇನ್ನೊಂದು ವಿಳಾಸವನ್ನು ಸೃಷ್ಟಿಸಿ, ಅದರಿಂದ ನಿಮಗೆ ಪುಡಿಗಾಸಿನ ಒಂದು ವ್ಯವಹಾರವನ್ನು ಕಳಿಸುತ್ತಾರೆ. ಮುಂದಿನ ಸಲ ನೀವು ಹಳೆಯ ಪಟ್ಟಿಯಿಂದ ವಿಳಾಸವನ್ನು ನಕಲು ಮಾಡಿಕೊಳ್ಳುವಾಗ ಅದೇ ಕೈಗೆ ಸಿಗಲಿ ಎಂದು. 2024ರ ಮೇ ತಿಂಗಳಲ್ಲಿ ಒಬ್ಬ ದೊಡ್ಡ ವ್ಯಾಪಾರಿ ಹೀಗೆಯೇ 6.8 ಕೋಟಿ ಡಾಲರ್ ಬೆಲೆಯ ಟೋಕನ್ನುಗಳನ್ನು ಕಳ್ಳನ ವಿಳಾಸಕ್ಕೆ ಕಳಿಸಿದನು. ಮಾತುಕತೆಯಾಗಿ ಅದರ ಬಹುಭಾಗ ಮರಳಿತು. ಎಲ್ಲರಿಗೂ ಆ ಭಾಗ್ಯ ಬರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಕಳಿಸುವ ಮುಂಚೆ ವಿಳಾಸದ ನಡುವಿನ ಅಕ್ಷರಗಳನ್ನೂ ಒಂದೊಂದಾಗಿ ಓದಿ. ದೊಡ್ಡ ಮೊತ್ತವಾದರೆ ಮೊದಲು ಅಲ್ಪ ಮೊತ್ತ ಕಳಿಸಿ, ಅದು ಸೇರಬೇಕಾದವರಿಗೆ ಸೇರಿತೆಂದು ಅವರಿಂದಲೇ ಕೇಳಿ ತಿಳಿಯಿರಿ. ಮೋಸಹೋದಿರೆಂದು ಅನ್ನಿಸಿದರೆ ನಾಚಿಕೆಪಟ್ಟು ಸುಮ್ಮನೆ ಕೂರದೆ ಆ ವ್ಯವಹಾರದ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು ಕೂಡಲೇ 1930ಕ್ಕೆ ದೂರವಾಣಿ ಮಾಡಿ. ಅದು ಸೈಬರ್ ವಂಚನೆಯ ದೂರಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಸಹಾಯವಾಣಿ. ಅವರು ಕೇಳುವ ಮೊದಲ ಸಂಗತಿಗಳಲ್ಲಿ ಆ ಸಂಖ್ಯೆಯೂ ಒಂದು.